ಮಂಗಳವಾರ ಬೆಳಗಿನ ಸೈರನ್

ಕಂತು ಒಂಬತ್ತು

"ಓದು ಮಗಳೇ. ಕೈ ಅಡ್ಡ ಇಟ್ಟರೆ ಅಕ್ಷರ ಬದಲಾಗುವುದಿಲ್ಲ."

ಬ್ಯಾಪ್ಟಿಸ್ಟ್ ಹೀಗೆ ಹೇಳಿದ್ದು ಎರಡನೇ ಸಲ. ಪ್ರಣೀತಾ ಮಾತ್ರ ಪರದೆಯ ಕೊನೆಯ ಮೂರು ಸಾಲುಗಳ ಮೇಲೆ ಅಂಗೈ ಒತ್ತಿಕೊಂಡೇ ಕುಳಿತಿದ್ದಳು. ಕೈ ಬೆವರಿತ್ತು. ಹೊರಗೆ ಸೆಪ್ಟೆಂಬರ್ ತಿಂಗಳ ಬಿಸಿಲು, ಒಳಗೆ ಐಸ್ ಪ್ಲಾಂಟಿನ ತಂಪು, ಆದರೂ ಬೆವರು. ಹೆದರಿದವರ ಮೈ ಹವೆಯನ್ನು ಕೇಳುವುದಿಲ್ಲ.

ಎರಡು ದಿನಗಳ ಹಿಂದೆ, ಮಂಗಳವಾರ ಹಗಲು ಹನ್ನೊಂದಕ್ಕೆ, ಕಾಪುವಿನ ಇದೇ ಪ್ಲಾಂಟಿನ ಕಂಪ್ರೆಸರ್ ಕೋಣೆಯಲ್ಲಿ ಅಮೋನಿಯಾ ಸೋರಿ ಕೆಲಸಗಾರ ಹೊಳೆಪ್ಪ ಸತ್ತಿದ್ದ. ಅನಿಲ ಸೋರಿದ ಕೂಡಲೇ ಊರಿಗೆಲ್ಲ ಕೇಳುವಂತೆ ಕೂಗಬೇಕಾಗಿದ್ದ ಸೈರನ್ ಕೂಗಿರಲಿಲ್ಲ. ಆ ಸೈರನ್ನನ್ನು ಕೂಗಿಸುವ ಪ್ರೋಗ್ರಾಮನ್ನು ಕಟ್ಟಿ, ಪ್ಯಾಕೇಜ್ ಮಾಡಿ ಕಳಿಸಿದವಳು ಮಣಿಪಾಲದ ಒಂದು ಸಣ್ಣ ಕಂಪೆನಿಯ ಪ್ರಣೀತಾ.

ಪ್ರಕರಣ ಇಷ್ಟೇ ಸರಳವಾಗಿದ್ದರೆ ಕಾಪುವಿನ ಇನ್ಸ್‌ಪೆಕ್ಟರು ಬುಧವಾರವೇ ಅವಳನ್ನು ಜೀಪು ಹತ್ತಿಸುತ್ತಿದ್ದರು. ಆದರೆ ಕಂಪ್ಯೂಟರ್ ಎಂದರೆ ಅವರಿಗೆ ತಲೆನೋವು. ಹಾಗಾಗಿ, ಕೂತು ಕೇಳಿಸಿಕೊಳ್ಳುವ ತಾಳ್ಮೆ ಇದ್ದ ಶಿರ್ವದ ಬ್ಯಾಪ್ಟಿಸ್ಟರನ್ನು ಕರೆಸಿದ್ದರು. ಪೊಲೀಸ್ ಇಲಾಖೆಯಲ್ಲಿ ಮೂವತ್ತು ವರ್ಷ ಸವೆಸಿ ನಿವೃತ್ತರಾದ ಮನುಷ್ಯ. ಬಿಳಿ ಮೀಸೆ, ಹಳೆಯ ಸ್ಕೂಟರು, ಯಾವ ಮಾತನ್ನೂ ಮೊದಲನೇ ಸಲಕ್ಕೆ ನಂಬದ ಕಿವಿ. "ಗುರುವಾರ ಸಂಜೆ ಐದರವರೆಗೆ ಕಾಯ್ತೇನೆ ಸರ್, ಆಮೇಲೆ ಆ ಹುಡುಗಿಯನ್ನು ಕರೆದುಕೊಂಡು ಹೋಗ್ತೇನೆ" ಎಂದಿದ್ದರು ಇನ್ಸ್‌ಪೆಕ್ಟರು.

ಇವತ್ತೇ ಗುರುವಾರ. ಗೋಡೆಯ ಗಡಿಯಾರದಲ್ಲಿ ಹನ್ನೆರಡು ಗಂಟೆ.

ಪ್ರಣೀತಾ ಕೈ ತೆಗೆದಳು.

"ಕಟ್ಟಿದವರು, ಪ್ರಣೀತಾ," ಎಂದು ಓದಿದಳು. "ಕಟ್ಟಿದ ಸಮಯ, ಸೋಮವಾರ ಸಂಜೆ ನಾಲ್ಕು ಮೂವತ್ತೈದು. ಕಟ್ಟಿದ ಯಂತ್ರ..."

"ಹ್ಞಾಂ, ಯಂತ್ರ?"

"ಪುಳ್ಳಿ."

ಅಷ್ಟು ಹೇಳಿ ಅವಳು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ಅಯ್ಯೋ ದೇವರೇ, ನಾನೇ ಕೊಂದೆ! ಮನಸ್ಸು ಎರಡು ದಿನಗಳಿಂದ ಒಳಗೊಳಗೇ ಗೊಣಗುತ್ತಿದ್ದ ಮಾತು ಈಗ ನೇರವಾಗಿ ಕೂಗಿತು.

ಬ್ಯಾಪ್ಟಿಸ್ಟ್ ಸ್ಟೂಲು ಎಳೆದುಕೊಂಡು ಹತ್ತಿರ ಕುಳಿತರು. "ಅಳುವುದು ಆಮೇಲೆ. ಮೊದಲು ನನಗೆ ಅರ್ಥ ಆಗುವ ಹಾಗೆ ಹೇಳು. ಪುಳ್ಳಿ ಅಂದರೆ ಎಂತ?"

ಅವಳು ಮೂಗು ಒರೆಸಿಕೊಂಡಳು. "ಲಿನಕ್ಸ್ ಅಂದರೆ ಯಂತ್ರ ನಡೆಸುವ ಮೂಲ ಪ್ರೋಗ್ರಾಂ, ಆರಾರು ತಿಂಗಳಿಗೆ ಹೊಸತು ಬರ್ತದೆ ಅಂಕಲ್. ಪ್ಲಾಂಟಿನವರು ಬದಲಿಸುವುದಿಲ್ಲ. ನಡೆಯುತ್ತಾ ಉಂಟಲ್ಲ, ಯಾಕೆ ಮುಟ್ಟುವುದು ಅಂತಾರೆ. ಹಾಗಾಗಿ ಇಲ್ಲಿ ಇರುವುದು ಇನ್ನೂ ಏಳನೇ ಬಿಡುಗಡೆ. ಹೊರಗೆ ಈಗ ಹತ್ತು ಬಂದಾಗಿದೆ. ನಾನು ಒಂದೇ ಪ್ರೋಗ್ರಾಮನ್ನು ಏಳಕ್ಕೊಂದು ಸಲ, ಹತ್ತಕ್ಕೊಂದು ಸಲ, ಬೇರೆ ಬೇರೆ ಕಟ್ಟಿ ಕಳಿಸಬೇಕು."

"ಎರಡಕ್ಕೂ ಒಂದೇ ಕಟ್ಟಿದರೆ?"

"ಆಗುವುದಿಲ್ಲ. ಹತ್ತರ ಮೇಲೆ ಕಟ್ಟಿದ್ದು ಹತ್ತರ ಲೈಬ್ರರಿಗಳನ್ನೇ, ಅಂದರೆ ಅದರ ಜೊತೆ ಬರುವ ಸಹಾಯದ ಫೈಲುಗಳನ್ನೇ ಕೇಳ್ತದೆ. ಅವು ಇಲ್ಲಿ ಇಲ್ಲ. ಪ್ರೋಗ್ರಾಂ ಶುರುವೇ ಆಗುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಗೊತ್ತೂ ಆಗುವುದಿಲ್ಲ. ಘಾಟು ಹಿಡಿಯುವ ಡಬ್ಬಿಯ ಹಸಿರು ದೀಪ ಉರೀತಾ ಇರ್ತದೆ. ಅದು ಬರೀ ಕರೆಂಟಿನ ದೀಪ."

"ಪುಳ್ಳಿಯ ವಿಷಯ ಹೇಳಲಿಲ್ಲ ನೀನು."

"ನನ್ನ ಮೇಜಿನ ಕೆಳಗೆ ಎರಡು ಯಂತ್ರ ಉಂಟು. ಏಳು ಇರುವ ಹಳೇ ಯಂತ್ರಕ್ಕೆ ಅಜ್ಜಿ ಅಂತ ಹೆಸರಿಟ್ಟಿದ್ದೇವೆ. ಹತ್ತು ಇರುವುದಕ್ಕೆ ಪುಳ್ಳಿ."

ಮೊಮ್ಮಗಳಿಗೆ ತುಳುವಿನಲ್ಲಿ ಪುಳ್ಳಿ ಅನ್ನುತ್ತಾರೆಂದು ಶಿರ್ವದ ಮನುಷ್ಯನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಬ್ಯಾಪ್ಟಿಸ್ಟ್ ತಲೆಯಾಡಿಸಿದರು.

"ಎರಡಕ್ಕೂ ಒಂದೇ ಪರದೆ ಅಂಕಲ್, ಒಂದೇ ಕೀಬೋರ್ಡ್. ಮಧ್ಯೆ ಒಂದು ಸಣ್ಣ ಪೆಟ್ಟಿಗೆ, ಅದಕ್ಕೊಂದು ತಿರುಗಿಸುವ ಗುಂಡಿ. ಎಡಕ್ಕೆ ತಿರುಗಿಸಿದರೆ ಅಜ್ಜಿ, ಬಲಕ್ಕೆ ಪುಳ್ಳಿ. ನೋಡಲಿಕ್ಕೆ ಎರಡೂ ಒಂದೇ ಥರ, ಕಪ್ಪು ಪರದೆ, ಬಿಳಿ ಅಕ್ಷರ. ದಿನಕ್ಕೆ ಐವತ್ತು ಸಲ ತಿರುಗಿಸ್ತೇನೆ. ಒಂದು ಸಲ... ಒಂದು ಸಲ ಮರೆತಿರಬಹುದು. ಸೋಮವಾರ ನಾಲ್ಕರ ಮೇಲೆ ನಾನು ಇದನ್ನೇ ಕಟ್ಟುತ್ತಾ ಇದ್ದೆ. ಗುಂಡಿ ಯಾವ ಕಡೆ ಇತ್ತೋ ನೆನಪಿಲ್ಲ."

ಈ ಕೆಲಸದವರನ್ನು ಬಿಟ್ಟರೆ ಜಗತ್ತಿನಲ್ಲಿ ಇನ್ಯಾರೂ ಮಾಡಲಾರದ ತಪ್ಪು. ಒಂದು ಗುಂಡಿ ಎಡಕ್ಕೆ ಇರಬೇಕಾದದ್ದು ಬಲಕ್ಕೆ ಇದ್ದದ್ದು. ಅಷ್ಟಕ್ಕೆ ಒಬ್ಬ ಮನುಷ್ಯ ಸಾಯುವುದು ಉಂಟಾ? ಉಂಟು ಎಂದು ಪರದೆ ಹೇಳುತ್ತಿತ್ತು.

"ಇಲ್ಲಿಗೆ ಯಾವಾಗ ಹಾಕಿದ್ದು ಅಂತ ಈ ಯಂತ್ರ ಹೇಳುವುದಿಲ್ವಾ?"

"ಹೇಳ್ತದೆ, ಆದರೆ ಸುಳ್ಳು ಹೇಳ್ತದೆ. ಒಳಗಿನ ಬ್ಯಾಟರಿ ಸತ್ತಿದೆ. ಕರೆಂಟ್ ಹೋಗಿ ಬಂದಾಗಲೆಲ್ಲ ಇದರ ಗಡಿಯಾರ ಎರಡು ಸಾವಿರದ ಜನವರಿ ಒಂದಕ್ಕೆ ಹೋಗಿ ಕೂತುಕೊಳ್ತದೆ. ಇಲ್ಲಿ ಜೋಡಿಸುವವನು ರಿತೇಶ್. ಸೋಮವಾರ ಸಂಜೆ ಏಳಕ್ಕೆ ಹಾಕಿ ಬಂದೆ ಅಂದಿದ್ದಾನೆ."

ಬ್ಯಾಪ್ಟಿಸ್ಟ್ ಎದ್ದು ಹೋಗಿ ಕಂಪ್ರೆಸರ್ ಕೋಣೆಯ ಬಾಗಿಲ ಬಳಿ ನಿಂತರು. ಘಾಟು ಇನ್ನೂ ಪೂರ್ತಿ ಹೋಗಿರಲಿಲ್ಲ; ಕಣ್ಣಂಚು ಚುರುಗುಟ್ಟುತ್ತಿತ್ತು. ಹೊಳೆಪ್ಪ ಬಿದ್ದಿದ್ದದ್ದು ಇದೇ ಬಾಗಿಲ ಒಳಮಗ್ಗುಲಿಗೆ, ಕೈ ಬಾಗಿಲ ಮೇಲೆಯೇ. ಹೊರಗೆ ಬರಲು ಒಂದು ಹೆಜ್ಜೆ ಸಾಕಿತ್ತು.

"ಒಂದು ಹೆಜ್ಜೆ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಅವರು ಬಾಗಿಲ ಹೊರಗಿನ ಚಿಲಕವನ್ನು ಬೆರಳಿನಿಂದ ಸವರಿ ನೋಡಿದರು. ಉಪ್ಪುಗಾಳಿಗೆ ಇಡೀ ಬಾಗಿಲು ತುಕ್ಕು ಹಿಡಿದಿತ್ತು. ಚಿಲಕ ಓಡುವ ಜಾಗದಲ್ಲಿ ಮಾತ್ರ ತುಕ್ಕು ಉದುರಿ ಕಬ್ಬಿಣ ಹೊಳೆಯುತ್ತಿತ್ತು.

ಅಷ್ಟರಲ್ಲಿ ಹಿಂಬಾಗಿಲಲ್ಲಿ ಯಾರೋ ಬಂದು ನಿಂತರು.

ಪ್ರಣೀತಾ ತಿರುಗಿ ನೋಡಿದವಳೇ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು. ಸೋಮವ್ವ! ಹೊಳೆಪ್ಪನ ಹೆಂಡತಿ. ಪ್ಲಾಂಟಿನ ಹಿತ್ತಿಲ ಶೆಡ್ಡಿನಲ್ಲೇ ಅವರ ಸಂಸಾರ. ಯಾರ ಮುಖ ನೋಡಬೇಕಾಗುತ್ತದೋ ಎಂದು ಎರಡು ದಿನಗಳಿಂದ ನಡುಗುತ್ತಿದ್ದಳೋ, ಆ ಮುಖ ಈಗ ನಾಲ್ಕು ಮಾರು ದೂರದಲ್ಲಿತ್ತು.

"ಅವರ ಚಪ್ಪಲಿ ಇಲ್ಲೇ ಉಳದಾವ್ರೀ. ಒಯ್ಯಾಕ ಬಂದೆ," ಎಂದಳು ಸೋಮವ್ವ.

ಅವಳು ಮೂಲೆಯಲ್ಲಿದ್ದ ರಬ್ಬರ್ ಚಪ್ಪಲಿಗಳನ್ನು ಎತ್ತಿ ಸೆರಗಿನಿಂದ ಒರೆಸಿದಳು. ಹೊರಡುವವಳು ನಿಂತಳು. ಪ್ರಣೀತಾಳನ್ನೇ ನೋಡಿದಳು.

"ನೀವು ಸೈರನ್ ಅಕ್ಕಾರ ಅಲ್ಲೇನ್ರೀ? ನಮ್ಮ ಮನ್ಯಾವ್ರು ನಿಮ್ಮ ಸುದ್ದಿ ಭಾಳ ಹೇಳತಿದ್ರು. ಸೈರನ್ ಅಕ್ಕಾರು ಹೇಳ್ಯಾರ, ದಿನಾ ಒಮ್ಮೆ ಕೂಗಿಸಿ ನೋಡಬೇಕಂತ, ಅನ್ನವರು."

ಹೌದು, ಹೇಳಿದ್ದಳು. ನಾಲ್ಕು ಊರುಗಳ ಪ್ಲಾಂಟುಗಳಲ್ಲಿ ಹೇಳಿದ್ದಳು. ಎಲ್ಲರೂ ಆಯ್ತಾಯ್ತು ಎಂದು ತಲೆಯಾಡಿಸಿ ಮರೆತಿದ್ದರು. ಮರೆಯದೆ ಮಾಡಿದವನು ಹೊಳೆಪ್ಪ ಒಬ್ಬನೇ.

"ಮತ್ತ ಯಾಕ ಕೂಗಲಿಲ್ರೀ ಅಕ್ಕಾರ ಅದು?" ಸೋಮವ್ವನ ಸ್ವರದಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. "ಮುಂಜಾನೆ ಚಲೋ ಕೂಗಿತ್ತಲ್ಲ!"

ಬ್ಯಾಪ್ಟಿಸ್ಟ್ ಗಕ್ಕನೆ ತಿರುಗಿದರು. "ಯಾವ ಮುಂಜಾನೆ ಸೋಮವ್ವ?"

"ಅದ ದಿನಾರೀ. ಮಂಗಳಾರ."

"ಸರಿಯಾಗಿ ನೆನಪು ಮಾಡಿಕೊಂಡು ಹೇಳು. ಮಂಗಳವಾರವಾ, ಸೋಮವಾರವಾ?"

"ಅಯ್ಯ, ನೆನಪು ಮಾಡೂದೇನು ಬಂತ್ರೀ ಸಾಹೇಬ್ರ! ನಮ್ಮ ಮನ್ಯಾವ್ರು ಆರಕ್ಕ ಎದ್ದು, ಕೋಲಿಗೆ ಅರಿಬಿ ಸುತ್ತಿ, ಆ ಘಾಟಿನ ನೀರಾಗ ಅದ್ದಿ ಮ್ಯಾಲ ಆ ಡಬ್ಬಿಗೆ ಹಿಡೀತಿದ್ರು. ಅದು ಕೂಗೂದು, ನಾ ಚಾಕ್ಕ ಇಡೂದು. ನಮ್ಮ ಮನ್ಯಾಗ ಗಡಿಯಾರ ಇಲ್ರೀ. ಅವತ್ತ ಅದು ಕೂಗದಿದ್ರ ನಾ ಚಾ ಹೆಂಗ ಇಡ್ತಿದ್ದೆ? ಮಂಗಳಾರ ಅವರು ಕುಡದ ಹೋದ ಬಟ್ಲಾ ಇನ್ನೂ ತೊಳದಿಲ್ಲ ನಾನು."

"ಇದನ್ನು ಪೊಲೀಸರಿಗೆ ಯಾಕೆ ಹೇಳಲಿಲ್ಲ?"

"ಅವರು ಸತ್ತ ಹೊತ್ತು ಕೇಳಿದ್ರು. ಚಾದ ಹೊತ್ತು ಯಾರು ಕೇಳ್ಯಾರ?"

ಪ್ರಣೀತಾಳ ತಲೆಯೊಳಗೆ ಲೆಕ್ಕ ತಾನಾಗಿಯೇ ಕೂಡಿಕೊಂಡಿತು. ಸೋಮವಾರ ಸಂಜೆ ಏಳಕ್ಕೆ ರಿತೇಶ್ ಪ್ಯಾಕೇಜ್ ಹಾಕಿದ. ಮಂಗಳವಾರ ಬೆಳಿಗ್ಗೆ ಆರಕ್ಕೆ ಸೈರನ್ ಕೂಗಿತು. ಅಂದರೆ ಸೋಮವಾರ ಹಾಕಿದ್ದು ಸರಿ ಇತ್ತು. ಅಜ್ಜಿಯ ಮೇಲೆ ಕಟ್ಟಿದ್ದೇ ಬಂದಿತ್ತು. ಗುಂಡಿ ಎಡಕ್ಕೇ ಇತ್ತು!

"ಅಂಕಲ್," ಎಂದಳು. ಕಣ್ಣಲ್ಲಿ ನೀರು ದಳದಳ ಇಳಿಯಿತು. "ಈಗ ಇಲ್ಲಿ ಕೂತಿರುವುದು ನನ್ನದಲ್ಲ. ಯಾರೋ ಆರು ಗಂಟೆಯ ಮೇಲೆ ಬದಲಿಸಿದ್ದಾರೆ. ಪ್ಯಾಕೇಜಿನ ನಂಬರು ಮಾತ್ರ ನನ್ನದೇ ಇಟ್ಟಿದ್ದಾರೆ, ನಾಲ್ಕು. ಹಾಗೆ ಯಾರೂ ಮಾಡುವುದಿಲ್ಲ. ಮತ್ತೊಮ್ಮೆ ಕಟ್ಟಿದರೆ ಐದು ಆಗಬೇಕು. ಎರಡು ಬೇರೆ ಪ್ಯಾಕೇಜಿಗೆ ಒಂದೇ ನಂಬರು ಕೊಡಬಾರದು ಅಂತ ನಮಗೆ ಮೊದಲ ದಿನವೇ ಕಲಿಸ್ತಾರೆ."

"ಯಾರು ಕಲಿಸ್ತಾರೆ?"

"ವಿಠಲ ಸರ್. ನಮ್ಮ ಕಂಪೆನಿಯ ಯಜಮಾನರು."

ಹೊರಗೆ ಬೈಕಿನ ಸದ್ದಾಯಿತು.

ರಿತೇಶ್ ಒಳಗೆ ಬಂದ. ಅವನನ್ನು ಹನ್ನೆರಡೂವರೆಗೆ ಬರಹೇಳಿದ್ದು ಬ್ಯಾಪ್ಟಿಸ್ಟೇ. ಹೆಲ್ಮೆಟ್ ಕೈಯಲ್ಲಿತ್ತು, ಮುಖದಲ್ಲಿ ನಗು ಇತ್ತು. ಆದರೆ ಆ ನಗು ಇಸ್ತ್ರಿ ಮಾಡಿಸಿಕೊಂಡು ಬಂದ ಹಾಗಿತ್ತು.

"ಎಂತ ಪ್ರಣೀತಾ, ಊಟ ಆಯ್ತಾ?"

ಸಾವಿನ ಮನೆಯಲ್ಲಿ ನಿಂತು ಊಟ ಆಯ್ತಾ ಅನ್ನುತ್ತಾನೆ, ಮಹಾರಾಯ! ಬ್ಯಾಪ್ಟಿಸ್ಟ್ ಅವನಿಗೆ ಸ್ಟೂಲು ತೋರಿಸಿದರು. ಅವನು ಕೂರಲಿಲ್ಲ.

"ಮಂಗಳವಾರ ಬೆಳಿಗ್ಗೆ ಎಲ್ಲಿದ್ದೆ ರಿತೇಶ್?"

"ಮನೆಯಲ್ಲೇ ಸರ್. ಅಂಬಲಪಾಡಿಯಲ್ಲಿ. ಆವತ್ತು ಆಫೀಸಿಗೆ ತಡವಾಗಿ ಹೋದೆ."

"ಕಾಪುವಿಗೆ ಬರಲಿಲ್ಲ?"

"ಇಲ್ಲ ಸರ್. ನಾನು ಬಂದದ್ದು ಸೋಮವಾರ ಸಂಜೆ. ಇನ್ಸ್‌ಪೆಕ್ಟರ ಹತ್ತಿರ ಹೇಳಿದ್ದೇನಲ್ಲ."

"ಸುಳ್ಳು ಯಾಕ ಹೇಳ್ತೀರಿ ಅಣ್ಣಾರ?" ಮೂಲೆಯಿಂದ ಸೋಮವ್ವ ಕೇಳಿದಳು. ಚಪ್ಪಲಿಗಳನ್ನು ಎದೆಗೆ ಒತ್ತಿಕೊಂಡು ಅವಳು ಅಲ್ಲೇ ನಿಂತಿದ್ದಳು. ರಿತೇಶ್ ಅವಳನ್ನು ನೋಡಿಯೇ ಇರಲಿಲ್ಲ. "ಮಂಗಳಾರ ನಿಮಗ ನಾನ ಚಾ ಕೊಟ್ಟೆ. ಸಕ್ಕರಿ ಕಡಿಮಿ ಆತು ಅಂದ್ರಿ. ಇನ್ನೊಂದ ಚಮಚಾ ಹಾಕಿಸ್ಕೊಂಡ್ರಿ."

ಹೆಲ್ಮೆಟ್ ಕೈಯಿಂದ ಜಾರಿ ನೆಲಕ್ಕೆ ಬಿದ್ದು ಉರುಳಿತು. ಯಾರೂ ಅದನ್ನು ಎತ್ತಲಿಲ್ಲ.

ಪ್ರಣೀತಾ ಅವನೆದುರು ಹೋಗಿ ನಿಂತಳು. ಮೂರು ವರ್ಷ ಒಂದೇ ಕೋಣೆಯಲ್ಲಿ ಕೆಲಸ ಮಾಡಿದವರು. ಬೈಕ್ ಕೆಟ್ಟ ದಿನ ಅವನನ್ನು ತನ್ನ ಸ್ಕೂಟಿಯಲ್ಲಿ ಬಸ್‌ಸ್ಟ್ಯಾಂಡಿಗೆ ಬಿಟ್ಟವಳು. ಈಗ ಅವನ ಮುಖ ನೋಡಲು ಅವಳಿಗೆ ಹೆದರಿಕೆಯಾಗುತ್ತಿತ್ತು.

"ರಿತೇಶ್, ನಾನೇ ಕೊಂದೆ ಅಂತ ಎರಡು ದಿನದಿಂದ ಒಂದು ತುತ್ತು ಒಳಗೆ ಹೋಗಲಿಲ್ಲ ಮಾರಾಯ. ಕಣ್ಣು ಮುಚ್ಚಿದರೆ ಆ ಗುಂಡಿಯೇ ಕಾಣ್ತದೆ. ನಿನಗೆ ಗೊತ್ತಿತ್ತಾ? ಗೊತ್ತಿದ್ದೂ ಸುಮ್ಮನೆ ಇದ್ದೆಯಾ?"

ಅವನು ಗೋಡೆಗೆ ಒರಗಿ ಹಾಗೆಯೇ ಕುಸಿದು ಕುಳಿತ.

"ನನಗೆ ಗೊತ್ತಿರಲಿಲ್ಲ. ದೇವರಾಣೆ ಗೊತ್ತಿರಲಿಲ್ಲ." ಮಾತು ಒಂದರ ಮೇಲೊಂದು ಬಿದ್ದು ಬಂತು. "ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಫೋನ್ ಬಂತು. ನಿನ್ನೆ ಹಾಕಿದ್ದರಲ್ಲಿ ಒಂದು ದೋಷ ಉಂಟು, ಸಿಡಿ ಬಸ್ಸಿನಲ್ಲಿ ಕಳಿಸಿದ್ದೇನೆ, ಕಾಪು ಸ್ಟ್ಯಾಂಡಿನಲ್ಲಿ ಕಂಡಕ್ಟರನ ಹತ್ತಿರ ತೆಗೆದುಕೊಂಡು ಹಾಕಿ ಬಾ ಅಂತ. ಪ್ರಣೀತಾಗೆ ಹೇಳಬೇಡ, ಅವಳ ಕೈತಪ್ಪು, ಪಾಪ ಬೇಜಾರು ಮಾಡಿಕೊಳ್ತಾಳೆ ಅಂತ."

ಮಣಿಪಾಲದಿಂದ ಹೊರಟ ಔಷಧಿ, ಮದುವೆ ಕಾಗದ, ಮಲ್ಲಿಗೆ ಚೆಂಡು ಎಲ್ಲವೂ ಕಂಡಕ್ಟರ್‌ಗಳ ಕೈ ದಾಟಿಯೇ ಊರು ಸೇರುವ ಜಿಲ್ಲೆ ಇದು. ಸಿಡಿಯೂ ಹಾಗೆಯೇ ಬರುತ್ತಿತ್ತು. ಅದರಲ್ಲಿ ಯಾರಿಗೂ ವಿಶೇಷ ಕಾಣುತ್ತಿರಲಿಲ್ಲ.

"ಹಾಕುವಾಗ ಅದು ಒಪ್ಪಲಿಲ್ಲ ಅಲ್ವಾ?" ಪ್ರಣೀತಾ ಕೇಳಿದಳು. "ಇಂಥ ಲೈಬ್ರರಿ ಇಲ್ಲ, ಹಾಕುವುದಿಲ್ಲ ಅಂತ ಹೇಳಿರಬೇಕು."

"ಹೇಳಿತು."

"ಮತ್ತೆ?"

"ಫೋರ್ಸ್ ಕೊಟ್ಟೆ."

ಪ್ರಣೀತಾ ಕಣ್ಣು ಮುಚ್ಚಿಕೊಂಡಳು. ಅವನ ಈ ಚಾಳಿ ಆಫೀಸಿಗೆಲ್ಲ ಗೊತ್ತಿತ್ತು. ಯಂತ್ರ ಬೇಡ ಅಂದರೆ ಯಾಕೆ ಬೇಡ ಅನ್ನುತ್ತದೆಂದು ನೋಡುವವನಲ್ಲ. ಒತ್ತಾಯ ಮಾಡಿ ತುರುಕಿ ಎದ್ದುಬರುವವನು. ನೂರು ಸಲ ಬೈದಿದ್ದಳು. ಜೊತೆಗೆ ಕೆಲಸ ಮಾಡುವ ವಿನೋದಕ್ಕ ಅವನಿಗೆ 'ಫೋರ್ಸ್ ರಿತೇಶ್' ಎಂದೇ ಹೆಸರಿಟ್ಟಿದ್ದಳು. ಎಲ್ಲರೂ ನಗುತ್ತಿದ್ದರು.

"ಆಮೇಲೆ ಸೈರನ್ ಕೂಗಿಸಿ ನೋಡಿದೆಯಾ?" ಬ್ಯಾಪ್ಟಿಸ್ಟ್ ಕೇಳಿದರು.

"ಹಸಿರು ದೀಪ ಉರೀತಾ ಇತ್ತು ಸರ್. ಹೊಳೆಪ್ಪ ಕೂಡ ಕೇಳಿದ, ಕೂಗಿಸಿ ನೋಡೋಣೇನ್ರೀ ಅಂತ. ಬೆಳಿಗ್ಗೆ ನೋಡಿದ್ದೀಯಲ್ಲ, ನಾಳೆ ನೋಡು ಅಂದೆ." ಅವನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಅತ್ತುಬಿಟ್ಟ. "ನಾಳೆ ನೋಡು ಅಂದೆ ಸರ್."

ಸೋಮವ್ವ ಅವನನ್ನು ದಿಟ್ಟಿಸಿ ನೋಡಿದಳು. ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತಳು.

"ಫೋನ್ ಮಾಡಿದ್ದು ಯಾರು?"

ರಿತೇಶ್ ಪ್ರಣೀತಾಳ ಕಡೆ ನೋಡಿದ. "ವಿಠಲ ಸರ್."

"ಸುಳ್ಳು!" ಎಂದಳು ಪ್ರಣೀತಾ.

ಅವಳಿಗೆ ಗೊತ್ತಿಲ್ಲದೆಯೇ ಬಾಯಿಂದ ಬಂದ ಮಾತು. ಕಂಪ್ಯೂಟರ್ ಮುಟ್ಟಲು ಹೆದರುತ್ತಿದ್ದ ಹುಡುಗಿಯನ್ನು ಪಕ್ಕ ಕೂರಿಸಿಕೊಂಡು ಕೆಲಸ ಕಲಿಸಿದವರು ವಿಠಲ ಸರ್. ಅಪ್ಪ ತೀರಿಕೊಂಡಾಗ ಅಮ್ಮನಿಗೆ ಕಾರ್ಕಳದ ಐಸ್‌ಕ್ರೀಮ್ ಗೋದಾಮಿನಲ್ಲಿ ಕೆಲಸ ಕೊಡಿಸಿದವರು. ನಿನ್ನೆ ರಾತ್ರಿ ಕೂಡ ಫೋನ್ ಮಾಡಿ, 'ತಪ್ಪು ಯಾರಿಂದಲೂ ಆಗ್ತದೆ ಮಗಾ, ಒಪ್ಪಿಕೋ, ವಕೀಲರನ್ನು ನಾನು ನೋಡ್ತೇನೆ' ಎಂದು ಸಮಾಧಾನ ಮಾಡಿದವರು.

ಒಪ್ಪಿಕೋ. ಆ ಮಾತು ನಿನ್ನೆ ಔಷಧಿಯ ಹಾಗೆ ಕೇಳಿಸಿತ್ತು. ಈಗ ಅದರ ಅರ್ಥವೇ ಬದಲಾಗಿತ್ತು.

"ಪ್ರಣೀತಾ," ಬ್ಯಾಪ್ಟಿಸ್ಟರ ಸ್ವರ ಮೆತ್ತಗಿತ್ತು, "ಸೋಮವಾರ ನಾಲ್ಕು ಮೂವತ್ತೈದು. ಆ ಹೊತ್ತಿಗೆ ನೀನು ನಿನ್ನ ಮೇಜಿನಲ್ಲೇ ಇದ್ದೆಯಾ? ಯೋಚಿಸಿ ಹೇಳು. ಎಂತ ತಿಂದೆ, ಎಂತ ಕುಡಿದೆ, ಅದರಿಂದ ಹಿಡಿದುಕೊಂಡು ಬಾ."

ಚಾದ ಹೊತ್ತು ಕೇಳುವುದನ್ನು ಅವರು ಸೋಮವ್ವನಿಂದ ಆಗಲೇ ಕಲಿತಿದ್ದರು.

ಸೋಮವಾರ. ತಿಂಡಿ. ಪತ್ರೊಡೆ! ಸೋಮವಾರ ವಿನೋದಕ್ಕ ಮನೆಯಿಂದ ಡಬ್ಬಿ ತುಂಬ ಪತ್ರೊಡೆ ಮಾಡಿಕೊಂಡು ಬಂದಿದ್ದಳು. ನಾಲ್ಕೂವರೆಗೆ ಎಲ್ಲರನ್ನೂ ಹಿಂದಿನ ಕೋಣೆಗೆ ಕರೆದಳು. ತನ್ನದನ್ನು ಕಟ್ಟಿ ಮುಗಿಸಿ ಪ್ರಣೀತಾ ಎದ್ದು ಹೋದಳು. ರಿತೇಶ್ ಮೂರು ತುಂಡು ತಿಂದ. ಜನರೆಲ್ಲ ಅಲ್ಲಿದ್ದರು. ಒಬ್ಬರು ಮಾತ್ರ ಬಾಗಿಲಲ್ಲೇ ನಿಂತು, 'ನನಗೆ ಬೇಡಮ್ಮ, ಕೆಸುವಿನ ಎಲೆ ತಿಂದರೆ ಗಂಟಲು ತುರಿಸ್ತದೆ, ನೀವು ನಿಧಾನ ತಿನ್ನಿ' ಎಂದು ನಕ್ಕು ವಾಪಸು ಹೋಗಿದ್ದರು.

ವಾಪಸು ಎಂದರೆ ಎಲ್ಲಿಗೆ? ಅವಳ ಮೇಜಿದ್ದ ಕೋಣೆಗೆ. ಪುಳ್ಳಿಯಲ್ಲಿ ಅವಳ ಹೆಸರಿನ ಲಾಗಿನ್ ತೆರೆದೇ ಇತ್ತು. ಯಾರು ಕುಳಿತು ಕಟ್ಟಿದರೂ 'ಕಟ್ಟಿದವರು, ಪ್ರಣೀತಾ' ಎಂದೇ ಬೀಳುತ್ತಿತ್ತು.

ಬಾಗಿಲಲ್ಲಿ ನಿಂತಿದ್ದವರು ವಿಠಲ ಸರ್ ಎಂಬುದನ್ನೂ ಸೇರಿಸಿ ಅವಳು ಎಲ್ಲವನ್ನೂ ಹೇಳಿದಳು.

"ಯಾಕೆ ಅಂಕಲ್? ಅವರಿಗೆ ಹೊಳೆಪ್ಪನ ಹತ್ತಿರ ಎಂತ ಹಗೆ?"

"ಹೊಳೆಪ್ಪನ ಹತ್ತಿರ ಹಗೆ ಇರಲೇಬೇಕು ಅಂತ ಇಲ್ಲ ಮಗಳೇ," ಎಂದರು ಬ್ಯಾಪ್ಟಿಸ್ಟ್. "ಈ ಹಳೇ ಏಳರ ಬಗ್ಗೆ ನಿಮ್ಮ ಸರ್ ಯಾವಾಗಲಾದರೂ ಏನಾದರೂ ಹೇಳಿದ್ದುಂಟಾ?"

ಉತ್ತರ ಕೊಟ್ಟವನು ರಿತೇಶ್. "ಯಾವಾಗಲೂ ಹೇಳ್ತಿದ್ರು. ಒಬ್ಬ ಪ್ಲಾಂಟಿನವನೂ ಹೊಸದಕ್ಕೆ ಬರುವುದಿಲ್ಲ, ಈ ಮುದಿ ಬಿಡುಗಡೆಯನ್ನು ನಾವು ಎಷ್ಟು ಕಾಲ ಹೊತ್ತುಕೊಂಡು ತಿರುಗುವುದು ಅಂತ. ಹೋದ ತಿಂಗಳ ಮೀಟಿಂಗಿನಲ್ಲಿ ಮೇಜು ಗುದ್ದಿ ಹೇಳಿದ್ರು, ಹೇಳಿದರೆ ಇವರು ಕೇಳುವವರಲ್ಲ, ಒಮ್ಮೆ ಹೆದರಬೇಕು, ಹೆದರಿದರೆ ಮಾತ್ರ ಬದಲಿಸ್ತಾರೆ ಅಂತ."

ಆ ದಿನ ಪ್ರಣೀತಾ ನಕ್ಕಿದ್ದಳು. ಸರ್‌ಗೆ ಸಿಟ್ಟು ಬಂದರೆ ಏನೇನೋ ಹೇಳುತ್ತಾರೆ ಎಂದುಕೊಂಡಿದ್ದಳು.

"ಸೈರನ್ ಕೂಗದಿದ್ದದ್ದು ಅರ್ಧ ಕತೆ," ಎಂದರು ಬ್ಯಾಪ್ಟಿಸ್ಟ್. "ಅಮೋನಿಯಾ ತಾನಾಗಿ ಪೈಪು ಬಿಟ್ಟು ಹೊರಗೆ ಬರುವುದಿಲ್ಲ. ಈ ಬಾಗಿಲ ಚಿಲಕವೂ ತಾನಾಗಿ ಬೀಳುವುದಿಲ್ಲ. ಎರಡಕ್ಕೂ ಒಂದು ಕೈ ಬೇಕು. ರಿತೇಶ್, ಆ ದಿನ ನೀನು ಎಷ್ಟು ಹೊತ್ತಿಗೆ ಹೊರಟದ್ದು?"

"ಹತ್ತಕ್ಕೆ ಸರ್. ಆಮೇಲೆ ಇಲ್ಲಿ ಯಾರು ಬಂದರೋ ನನಗೆ ಗೊತ್ತಿಲ್ಲ. ಸುದ್ದಿ ಕೇಳಿದ ಮೇಲೆ ಸರ್ ನನ್ನನ್ನು ಕರೆದು, ಮಂಗಳವಾರ ನೀನು ಹೋಗಲೇ ಇಲ್ಲ ಅಂತ ಹೇಳು, ಇಲ್ಲದಿದ್ದರೆ ಇಬ್ಬರೂ ಒಳಗೆ ಹೋಗ್ತೇವೆ ಅಂದ್ರು. ನನಗೆ ಹೆದರಿಕೆ ಆಯ್ತು." ಅವನು ಕಣ್ಣೊರೆಸಿಕೊಂಡ. "ಒಳ್ಳೆಯದಾಯ್ತು, ಎರಡನೆಯದನ್ನು ನಾನು ಹಾಕಲಿಲ್ಲ."

"ಎಂತ ಎರಡನೆಯದು?"

"ಕಂಡಕ್ಟರ್ ಕೊಟ್ಟದ್ದು ಎರಡು ಸಿಡಿ ಸರ್. ಒಂದು ಕಾಪುವಿಗೆ, ಒಂದು ಕಾರ್ಕಳದ ಐಸ್‌ಕ್ರೀಮ್ ಗೋದಾಮಿಗೆ. ಅಲ್ಲಿಯೂ ಇದೇ ಏಳು, ಇದೇ ಸೈರನ್. ಇಷ್ಟೆಲ್ಲ ಆದ ಮೇಲೆ ನಾನು ಹೋಗಲಿಲ್ಲ. ಇವತ್ತು ಬೆಳಿಗ್ಗೆ ಸರ್ ಅದನ್ನು ನನ್ನ ಬ್ಯಾಗಿನಿಂದ ತೆಗೆದುಕೊಂಡ್ರು. ನೀನು ಬೇಡ, ನಾನೇ ಹೋಗಿ ಬರ್ತೇನೆ ಅಂದ್ರು."

ಕಾರ್ಕಳದ ಗೋದಾಮು! ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಅಲ್ಲಿ ಪೆಟ್ಟಿಗೆ ಕಟ್ಟುವ ಕೋಣೆಯಲ್ಲಿರುವವಳು ಗುಣವತಿ. ಅವಳ ಅಮ್ಮ.

ಪ್ರಣೀತಾ ಮೊಬೈಲ್ ತೆಗೆದಳು. ನಂಬರು ಎರಡು ಸಲ ತಪ್ಪಿತು. ಬ್ಯಾಪ್ಟಿಸ್ಟ್ ಅದಾಗಲೇ ತಮ್ಮ ಫೋನಿನಲ್ಲಿ ಕಾರ್ಕಳ ಠಾಣೆಯ ನಂಬರು ಒತ್ತುತ್ತಾ ಸ್ಕೂಟರಿನ ಕಡೆ ಓಡುತ್ತಿದ್ದರು. ಕಾಪುವಿನಿಂದ ಕಾರ್ಕಳಕ್ಕೆ ಏನೇ ಗಡಿಬಿಡಿ ಮಾಡಿದರೂ ಮುಕ್ಕಾಲು ಗಂಟೆ.

ಗೋದಾಮಿನ ಗೋಡೆಯ ಫೋನು ರಿಂಗಾಯಿತು. ಆಗುತ್ತಲೇ ಇತ್ತು. ಎತ್ತಮ್ಮಾ, ಎತ್ತು!

"ಹಲೋ?"

"ಅಮ್ಮಾ! ವಿಠಲ ಸರ್ ಅಲ್ಲಿಗೆ ಬಂದಿದ್ದಾರಾ?"

"ಬಂದು ಹೋದ್ರಲ್ಲ ಮಗಾ, ಈಗಷ್ಟೇ. ಎಂತದೋ ಸಿಡಿ ಹಾಕಿ, ಒಳಗೆ ಹೋಗಿ ಯಂತ್ರ ಎಲ್ಲ ನೋಡಿ ಹೋದ್ರು. ಉಳಿದವರೆಲ್ಲ ಊಟಕ್ಕೆ ಹೋಗಿದ್ದಾರೆ, ನಾನೊಬ್ಬಳೇ ಇದ್ದೆ. ನಿನ್ನ ಬಗ್ಗೆ ತುಂಬ ಬೇಜಾರು ಮಾಡಿಕೊಂಡ್ರು. ಒಳ್ಳೇ ಮನುಷ್ಯ ಅಲ್ವಾ?"

"ಅಮ್ಮಾ, ನಾನು ಹೇಳಿದ್ದು ಕೇಳು. ಒಂದು ಕೋಲಿಗೆ ಬಟ್ಟೆ ಸುತ್ತಿ, ಕಪಾಟಿನಲ್ಲಿ ಅಮೋನಿಯಾ ನೀರಿನ ಬಾಟ್ಲಿ ಉಂಟಲ್ಲ, ಅದರಲ್ಲಿ ಅದ್ದಿ, ಮೇಲೆ ಘಾಟು ಹಿಡಿಯುವ ಆ ಬಿಳಿ ಡಬ್ಬಿಗೆ ಹಿಡಿ. ಸೈರನ್ ಕೂಗ್ತದಾ ನೋಡಬೇಕು. ಈಗಲೇ!"

"ಬಟ್ಟೆ ಎಂತಕ್ಕೆ ಮಗಾ? ವಾಸನೆ ಆಗಲೇ ಬರ್ತಾ ಉಂಟಲ್ಲ," ಎಂದಳು ಗುಣವತಿ, ಒಮ್ಮೆ ಕೆಮ್ಮಿ. "ಐದು ನಿಮಿಷದಿಂದ ಕಣ್ಣು ಉರೀತಾ ಉಂಟು. ಆದ್ರೆ ಸೈರನ್ ಕೂಗ್ಲಿಲ್ಲ. ಹಾಗಾಗಿ ನಾನು ಸುಮ್ಮನೆ ಕೂತೆ. ನೀನೇ ಅಲ್ವಾ ಹೇಳಿದ್ದು, ಅದು ಕೂಗುವವರೆಗೆ ಹೆದರಬೇಡ ಅಂತ?"

ಪ್ರಣೀತಾ ಕಿರುಚಿದಳು. "ಹೊರಗೆ ಓಡು ಅಮ್ಮಾ! ಸೆರಗು ನೀರಲ್ಲಿ ಅದ್ದಿ ಮೂಗಿಗೆ ಕಟ್ಟು, ಬಗ್ಗಿಕೊಂಡು ಹೋಗು, ಫೋನ್ ಬಿಡು!"

ಫೋನು ಗೋಡೆಗೆ ಬಡಿದು ತೂಗಾಡುವ ಸದ್ದು ಬಂತು. ಚಪ್ಪಲಿ ಸದ್ದು ದೂರ ಹೋಯಿತು. ಮೆಟ್ಟಿಲಿನಲ್ಲಿ ಕುಳಿತಿದ್ದ ಸೋಮವ್ವ ಎದ್ದು ಬಂದು, ಏನೆಂದು ಕೇಳದೆ, ಪ್ರಣೀತಾಳ ತೋಳು ಹಿಡಿದುಕೊಂಡಳು.

ದೂರದಿಂದ ಗುಣವತಿಯ ಸ್ವರ ಬಂತು. ಸಣ್ಣದಾಗಿತ್ತು, ಆದರೂ ಸ್ಪಷ್ಟವಾಗಿತ್ತು.

"ಮಗಾ, ಬಾಗಿಲು ತೆಗೀಲಿಕ್ಕೆ ಬರ್ತಾ ಇಲ್ಲ. ಯಾರೋ ಹೊರಗಿನಿಂದ ಚಿಲಕ ಹಾಕಿದ್ದಾರೆ."

ಪ್ರಣೀತಾ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಕೆಮ್ಮು ಕೇಳಿಸಿತು. ಬಾಗಿಲು ಬಡಿಯುವುದು ಕೇಳಿಸಿತು. ಸೈರನ್ ಮಾತ್ರ ಕೇಳಿಸಲಿಲ್ಲ.